ಐದು ವೋಲ್ಟ್‌ನ ನರಕೋಶ

ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವ ತೂತುಹಲಗೆ) ಮೇಲೆ ಒಂದು ನರಕೋಶ ಕಟ್ಟಲು ಬೇಕಾದ ಸಾಮಾನು ಬಹಳ ಕಮ್ಮಿ. ಚಾರ್ಜ್ ಕೂಡಿಡಲು ಒಂದು ಕೆಪಾಸಿಟರ್. ಅದರ ಚಾರ್ಜ್ ನಿಧಾನ ಸೋರಿಹೋಗಲು ಒಂದು ರೆಸಿಸ್ಟರ್. ವೋಲ್ಟೇಜ್ ಹೊಸ್ತಿಲು ದಾಟಿತೇ ಅಂತ ನೋಡಲು ಒಂದು ಕಂಪ್ಯಾರೇಟರ್. ದಾಟಿದ ಮೇಲೆ ಕೆಪಾಸಿಟರ್ ಖಾಲಿ ಮಾಡಲು ಒಂದು ಡಯೋಡ್. ಇಷ್ಟೇ. ಗಣಿತದ ಕಡೆಯವರು ಇದನ್ನು 'ಲೀಕಿ ಇಂಟಿಗ್ರೇಟ್ ಅಂಡ್ ಫೈರ್' ಮಾಡೆಲ್ ಅನ್ನುತ್ತಾರೆ. ಬಂದದ್ದನ್ನು ಕೂಡಿಸುತ್ತಾ ಹೋಗು, ನಡುವೆ ಸೋರುವುದು ಸೋರಲಿ, ಹೊಸ್ತಿಲು ದಾಟಿದಾಗ ಒಂದು ಸ್ಪೈಕ್ (ಚಿಕ್ಕ ವಿದ್ಯುತ್ ಮಿಡಿತ) ಹೊಡೆ, ಮತ್ತೆ ಕೆಳಗಿನಿಂದ ಶುರು ಮಾಡು.

ಅಕ್ಕನ ಮಗಳು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿದ್ದುಕೊಂಡು ಬಿಎಸ್ಸಿ ಓದುತ್ತಿದ್ದಾಳೆ. ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ ಕೂಡಲೇ ಅವಳು ಕೈ ಇಟ್ಟಿದ್ದು ಸೋರುವ ರೆಸಿಸ್ಟರ್ ಮೇಲೆ.

"ಮಾಮ, ಇದು ಯಾಕೆ? ತೆಗೆದುಬಿಟ್ರೆ ಇನ್ನೂ ಬೇಗ ಫೈರ್ ಆಗಲ್ವಾ?"

"ಆಗುತ್ತೆ."

"ಮತ್ತೆ? ಸುಮ್ನೆ ಚಾರ್ಜ್ ವೇಸ್ಟ್ ಮಾಡೋದು ಯಾಕೆ?"

ಒಳ್ಳೆ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳುವ ಬದಲು ಕಟ್ಟಿಯೇ ನೋಡೋಣ ಅಂತ ಹೊರಟೆವು. ಈ ಟಿಪ್ಪಣಿಯ ಮುಕ್ಕಾಲು ಭಾಗ ಆ ಒಂದು ರೆಸಿಸ್ಟರ್ ಬಗ್ಗೆಯೇ ಇದೆ.

ಈ ಸರ್ಕ್ಯೂಟ್‌ನ ಮೂಲ ವಿಚಾರ ಹಳೆಯದು. 1907ರಲ್ಲಿ ಫ್ರಾನ್ಸ್‌ನ ಲೂಯಿ ಲಾಪಿಕ್ ಕಪ್ಪೆಯ ನರಕ್ಕೆ ಕರೆಂಟ್ ಕೊಟ್ಟು ನೋಡುತ್ತಿದ್ದರು. ಕರೆಂಟ್ ಜೋರಾಗಿದ್ದರೆ ಸ್ವಲ್ಪ ಹೊತ್ತು ಸಾಕು, ಸಣ್ಣದಿದ್ದರೆ ಜಾಸ್ತಿ ಹೊತ್ತು ಬೇಕು. ತೀರಾ ಸಣ್ಣದಾದರೆ ಎಷ್ಟು ಹೊತ್ತು ಕೊಟ್ಟರೂ ನರ ಕದಲುವುದಿಲ್ಲ. ಇದಕ್ಕೆ ಸರಿಹೊಂದುವ ಲೆಕ್ಕ ಅವರಿಗೆ ಸಿಕ್ಕಿದ್ದು ಸೋರುವ ಕೆಪಾಸಿಟರ್‌ನಲ್ಲಿ. ನರದ ಪೊರೆಯೊಳಗೆ ನಿಜಕ್ಕೂ ಏನು ನಡೆಯುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಲೆಕ್ಕ ಕೂಡಿಬಂತು.

ನಿಜವಾದ ಪೊರೆಯ ಅಂಕಿಗಳನ್ನು ಒಮ್ಮೆ ನೋಡಿಬಿಡಿ. ಒಂದು ಚದರ ಸೆಂಟಿಮೀಟರ್ ಪೊರೆಗೆ ಸುಮಾರು 1 ಮೈಕ್ರೋಫ್ಯಾರಡ್. ಒಂದು ನರಕೋಶದ ಮೇಲ್ಮೈ ಇದರ ಸಣ್ಣ ಚೂರು ಅಷ್ಟೇ, ಹಾಗಾಗಿ ಅದರ ಕೆಪಾಸಿಟೆನ್ಸ್ ನೂರಾರು ಪಿಕೋಫ್ಯಾರಡ್ ಮಟ್ಟದ್ದು. ಸೋರಿಕೆಯ ರೆಸಿಸ್ಟೆನ್ಸ್ ಹತ್ತಾರು, ನೂರಾರು ಮೆಗಾಓಮ್. ಉದಾಹರಣೆಗೆ 100 ಪಿಕೋಫ್ಯಾರಡ್ ಮತ್ತು 200 ಮೆಗಾಓಮ್ ಗುಣಿಸಿದರೆ 20 ಮಿಲಿಸೆಕೆಂಡ್. ಇದೇ ಟೈಮ್ ಕಾನ್‌ಸ್ಟಂಟ್, ನಾವು ಟೌ ಅನ್ನೋಣ. ಆ ಪಿಕೋಫ್ಯಾರಡ್, ಮೆಗಾಓಮ್ ನಮಗೆ ಬೇಡ. ಗುಣಲಬ್ಧ ಮುಖ್ಯ. ಕಣ್ಣಿಗೆ, ಕಿವಿಗೆ ಗೊತ್ತಾಗುವಂತೆ ಅದನ್ನು ಹತ್ತು ಪಟ್ಟೋ ಮೂವತ್ತು ಪಟ್ಟೋ ನಿಧಾನ ಮಾಡಿಕೊಂಡರೆ ಆಯಿತು.

ಸಾಮಾನು

ಮುಂಬಯಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಅಂದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾಕ್ಟರ್ ಭಡಕಮ್ಕರ್ ಮಾರ್ಗ ಅಂತಿರುತ್ತದೆ, ಹಾಗೆ ಕರೆಯುವವರು ಕಡಿಮೆ. ದಾದರಿನಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ಭಾನುವಾರ ಹೋಗಬೇಡಿ, ಮುಕ್ಕಾಲು ಪಾಲು ಶಟರ್ ಇಳಿದಿರುತ್ತದೆ. ಮಳೆಗಾಲದಲ್ಲಿ ಹೋಗುವುದಾದರೆ ಒಂದು ಜಿಪ್ ಇರುವ ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಕಾಗದದ ಪೊಟ್ಟಣ ರೈಲಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಮುದ್ದೆಯಾಗಿರುತ್ತದೆ.

ಕೌಂಟರ್‌ನಲ್ಲಿ ಎಲ್‌ಎಂ393 ಅನ್ನುವ ಕಂಪ್ಯಾರೇಟರ್ ಐಸಿ ಕೇಳಿದೆ. "ದಸ್ ಪೀಸ್ ಲೇ ಲೋ ನಾ ಸೇಠ್, ಏಕ್ ಕಾ ಕ್ಯಾ ಕರೋಗೆ?" ಅಂದ ಅಂಗಡಿಯವ, ಒಂದರಲ್ಲಿ ಏನು ಮಾಡ್ತೀರಿ, ಹತ್ತು ತಗೊಳ್ಳಿ ಅಂತ. ಎರಡು ತಗೊಂಡೆ. ಒಂದು ಐಸಿಯೊಳಗೇ ಎರಡು ಕಂಪ್ಯಾರೇಟರ್ ಇರುತ್ತದೆ, ಒಂದು ಸುಟ್ಟರೂ ಕೈಯಲ್ಲಿ ಇನ್ನೊಂದು ಇರಲಿ ಅಂತ. ಜೊತೆಗೆ 1ಎನ್4148 ಡಯೋಡ್, ಬೇರೆ ಬೇರೆ ಬೆಲೆಯ ರೆಸಿಸ್ಟರ್, 10ಕೆ (10 ಕಿಲೋಓಮ್) ಪಾಟ್, ಅಂದರೆ ತಿರುಗಿಸಿ ವೋಲ್ಟೇಜ್ ಹೆಚ್ಚುಕಮ್ಮಿ ಮಾಡುವ ರೆಸಿಸ್ಟರ್, ಎರಡು ಒತ್ತುವ ಬಟನ್, 1 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್ ಬಾಕ್ಸ್ ಕೆಪಾಸಿಟರ್, ಟಕ್ ಅನ್ನುವ ಸದ್ದಿಗೆ ಒಂದು ಪೀಜೋ ಡಿಸ್ಕ್. 10 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಮನೆಯ ಡ್ರಾಯರ್‌ನಲ್ಲಿತ್ತು. ಆರ್ಡುಯಿನೋ ನ್ಯಾನೋ ಅನ್ನುವ, ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಬೋರ್ಡ್ ಕೂಡ ಮನೆಯಲ್ಲಿತ್ತು. ಅದರ ಯುಎಸ್‌ಬಿಯಿಂದ ಬರುವ 5 ವೋಲ್ಟೇ ಇಡೀ ಬೋರ್ಡಿಗೆ ಪವರ್.

ಜೋಡಣೆ

ಕೆಪಾಸಿಟರ್‌ನ ಒಂದು ಕಾಲು ಗ್ರೌಂಡ್‌ಗೆ. ಇನ್ನೊಂದು ಕಾಲು ನಮ್ಮ 'ಪೊರೆ'. ಪಾಟ್‌ನ ನಡುಕಾಲಿನಿಂದ 100ಕೆ ಮೂಲಕ ಪೊರೆಗೆ ಇನ್‌ಪುಟ್. ಪೊರೆಯಿಂದ ಗ್ರೌಂಡ್‌ಗೆ 220ಕೆ, ಇದೇ ಸೋರಿಕೆ. ಪೊರೆಯನ್ನು ಕಂಪ್ಯಾರೇಟರ್‌ನ ಮೈನಸ್ ಕಾಲಿಗೆ ಕೊಡಿ. ಪ್ಲಸ್ ಕಾಲಿಗೆ ಮೂರು ರೆಸಿಸ್ಟರ್: 5 ವೋಲ್ಟ್‌ನಿಂದ 100ಕೆ, ಗ್ರೌಂಡ್‌ಗೆ 47ಕೆ, ಔಟ್‌ಪುಟ್‌ನಿಂದ ವಾಪಸ್ 100ಕೆ. ಔಟ್‌ಪುಟ್‌ನಿಂದ 5 ವೋಲ್ಟ್‌ಗೆ 10ಕೆ ಪುಲ್‌ಅಪ್. ಕೊನೆಗೆ ಪೊರೆಯಿಂದ ಔಟ್‌ಪುಟ್ ಕಡೆಗೆ ಒಂದು ಡಯೋಡ್ ಮತ್ತು 1ಕೆ, ಸರಣಿಯಲ್ಲಿ. ಡಯೋಡ್‌ನ ಪಟ್ಟೆ ಇರುವ ತುದಿ ಔಟ್‌ಪುಟ್ ಕಡೆಗೆ. ಎಲ್‌ಇಡಿ 2.2ಕೆ ಜೊತೆ 5 ವೋಲ್ಟ್ ಮತ್ತು ಔಟ್‌ಪುಟ್ ನಡುವೆ. ಪೀಜೋ ಕೂಡ ಅದರ ಪಕ್ಕದಲ್ಲೇ.

ವಾಪಸ್ ಬರುವ ಆ 100ಕೆ ಬಿಟ್ಟು ಕಟ್ಟಲು ಹೋಗಬೇಡಿ. ಅದಿಲ್ಲದಿದ್ದರೆ ವೋಲ್ಟೇಜ್ ಹೊಸ್ತಿಲು ದಾಟಿದ ತಕ್ಷಣ ಕಂಪ್ಯಾರೇಟರ್ ಡಿಸ್ಚಾರ್ಜ್ ಶುರು ಮಾಡುತ್ತದೆ, ಒಂದು ಕೂದಲೆಳೆ ಇಳಿದ ಕೂಡಲೇ ನಿಲ್ಲಿಸುತ್ತದೆ. ಸ್ಪೈಕ್ ಬದಲು ಹೊಸ್ತಿಲಲ್ಲೇ ನಿಂತು ನಡುಗುತ್ತದೆ. ಆ ರೆಸಿಸ್ಟರ್ ಇದ್ದರೆ ಹೊಸ್ತಿಲು ಎರಡಾಗುತ್ತದೆ. ಏರುವಾಗ ಸುಮಾರು 2.4 ವೋಲ್ಟ್, ಇಳಿಯುವಾಗ ಸುಮಾರು 1.2 ವೋಲ್ಟ್. ಒಮ್ಮೆ ಫೈರ್ ಆದರೆ 1.2ಕ್ಕೆ ಇಳಿಯುವ ತನಕ ಅದು ಮತ್ತೇನನ್ನೂ ಕೇಳಿಸಿಕೊಳ್ಳುವುದಿಲ್ಲ. ನಿಜವಾದ ನರಕೋಶಕ್ಕೂ ಸ್ಪೈಕ್ ಆದ ಮೇಲೆ ಒಂದೆರಡು ಮಿಲಿಸೆಕೆಂಡ್ ಇಂಥ ಕಿವುಡು ಹೊತ್ತು ಇರುತ್ತದೆ. ಆದರೆ ಅಲ್ಲಿ ಕಾರಣ ಪೊರೆಯ ಸೋಡಿಯಂ ಚಾನೆಲ್‌ಗಳು (ಸೋಡಿಯಂ ಅಯಾನು ಒಳಬರುವ ಬಾಗಿಲುಗಳು) ತಾತ್ಕಾಲಿಕವಾಗಿ ಮುಚ್ಚಿಕೊಳ್ಳುವುದು.

ಹೊಸ್ತಿಲನ್ನು 2.4ಕ್ಕೆ ಇಟ್ಟಿದ್ದಕ್ಕೂ ಒಂದು ಲೆಕ್ಕ ಇದೆ. ಎಲ್‌ಎಂ393ರ ಇನ್‌ಪುಟ್‌ಗಳು ಸಪ್ಲೈಗಿಂತ ಸುಮಾರು ಒಂದೂವರೆ, ಎರಡು ವೋಲ್ಟ್ ಕೆಳಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. 5 ವೋಲ್ಟ್ ಸಪ್ಲೈಗೆ 3 ವೋಲ್ಟ್ ಮೇಲೆ ಹೊಸ್ತಿಲು ಇಟ್ಟರೆ ಅಪಾಯದ ಅಂಚು. ಇನ್ನೊಂದು ಅನುಕೂಲ, ಪಾಟ್ ಮತ್ತು ಹೊಸ್ತಿಲು ಎರಡೂ ಒಂದೇ ಸಪ್ಲೈನಿಂದ ಬರುವುದರಿಂದ ಯುಎಸ್‌ಬಿ 4.7ಕ್ಕೆ ಇಳಿದರೂ ನಡವಳಿಕೆ ಹೆಚ್ಚೇನೂ ಬದಲಾಗುವುದಿಲ್ಲ.

ಮೊದಲ ಟಕ್

ಡ್ರಾಯರ್‌ನ 10 ಮೈಕ್ರೋಫ್ಯಾರಡ್ ಹಾಕಿ ಪವರ್ ಕೊಟ್ಟೆವು. ಪಾಟ್ ಪೂರ್ತಿ ತಿರುಗಿಸಿದಾಗ ಎಲ್‌ಇಡಿ ಮಿನುಗಿತು, ಪೀಜೋ ಟಕ್ ಅಂದಿತು. ಖುಷಿಯೇನೋ ಆಯಿತು. ಆದರೆ ಪಾಟ್ ಕೊಂಚ ಇಳಿಸಿದರೆ ಸಾಕು, ಸದ್ದಿಲ್ಲ. ಮಲ್ಟಿಮೀಟರ್ ಪಾಟ್‌ನ ಮೇಲೆ 4.4 ವೋಲ್ಟ್ ತೋರಿಸುತ್ತಿತ್ತು. ಲೆಕ್ಕದ ಪ್ರಕಾರ 3.5 ವೋಲ್ಟ್‌ನಿಂದಲೇ ಫೈರ್ ಆಗಬೇಕು: 100ಕೆ ಮತ್ತು 220ಕೆ ಹಂಚಿಕೊಂಡರೆ ಪೊರೆಗೆ ಸಿಗುವುದು ಇನ್‌ಪುಟ್‌ನ ನೂರಕ್ಕೆ 69 ಪಾಲು, 3.5ರ 69 ಪಾಲು 2.4.

ಎಲ್ಲೋ ಹೆಚ್ಚುವರಿ ಸೋರಿಕೆ ಇದೆ ಅಂತ ಅರ್ಥ. ಕೆಪಾಸಿಟರ್ ಒಂದನ್ನೇ ತೆಗೆದು 3 ವೋಲ್ಟ್‌ಗೆ ಚಾರ್ಜ್ ಮಾಡಿ, ಬರೀ ಮಲ್ಟಿಮೀಟರ್ ಹಚ್ಚಿ ಬಿಟ್ಟೆ. ಮೀಟರ್‌ನ ಒಳ ರೆಸಿಸ್ಟೆನ್ಸ್ 10 ಮೆಗಾಓಮ್. ಕೆಪಾಸಿಟರ್ ಚೆನ್ನಾಗಿದ್ದರೆ ಮೂರನೇ ಒಂದು ಭಾಗಕ್ಕೆ ಇಳಿಯಲು ನೂರು ಸೆಕೆಂಡ್ ಮೇಲೇ ಬೇಕು. ಇದು ಮೂರು ಸೆಕೆಂಡ್‌ನಲ್ಲಿ ಇಳಿದುಬಿಟ್ಟಿತು. ವರ್ಷಗಟ್ಟಲೆ ವೋಲ್ಟೇಜ್ ಕಾಣದೆ ಬಿದ್ದಿರುವ ಎಲೆಕ್ಟ್ರೊಲಿಟಿಕ್ ಒಳಗಿನ ಆಕ್ಸೈಡ್ ಪದರ ತೆಳುವಾಗುತ್ತದೆ. ಹೊಸದಕ್ಕೂ ತಯಾರಕರ ಡೇಟಾಶೀಟ್‌ನಲ್ಲಿ 3 ಮೈಕ್ರೋಆಂಪ್ ತನಕ ಸೋರಿಕೆಗೆ ಅವಕಾಶ ಇರುವುದು ಸಾಮಾನ್ಯ. ನಮ್ಮ 220ಕೆಯಲ್ಲಿ ಹೊಸ್ತಿಲ ಹತ್ತಿರ ಹರಿಯುವುದೇ 11 ಮೈಕ್ರೋಆಂಪ್. ಪಕ್ಕದ ಬಿಲ್ಡಿಂಗ್‌ನಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರ ಹತ್ತಿರ ಹೊಸದೊಂದು ಸಿಕ್ಕಿತು. ಹಾಕಿದೆ. 3.5ರಿಂದ ಟಕ್ ಶುರು.

ಈಗ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂರಬಹುದು. ಎರಡು ಸ್ಪೈಕ್ ನಡುವಿನ ಸಮಯಕ್ಕೆ ಸೂತ್ರ ಇಷ್ಟು: ಪೊರೆ ಕೊನೆಗೆ ಮುಟ್ಟಬೇಕಿದ್ದ ವೋಲ್ಟೇಜ್‌ನಿಂದ 1.2 ಕಳೆಯಿರಿ, ಅದೇ ವೋಲ್ಟೇಜ್‌ನಿಂದ 2.4 ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಸಹಜ ಲಾಗರಿದಂ ತೆಗೆದು ಟೌನಿಂದ ಗುಣಿಸಿ (ಇಲ್ಲಿ 100ಕೆ, 220ಕೆ ಎರಡೂ ಸಮಾಂತರವಾಗಿ ಸೇರುವುದರಿಂದ ಟೌ ಸುಮಾರು 0.69 ಸೆಕೆಂಡ್). ಪಾಟ್ 5 ವೋಲ್ಟ್‌ನಲ್ಲಿದ್ದರೆ ಅರ್ಧ ಸೆಕೆಂಡ್ ಚಿಲ್ಲರೆ. 4 ವೋಲ್ಟ್‌ನಲ್ಲಿ ಸುಮಾರು ಒಂದು ಸೆಕೆಂಡ್. 3.6ರಲ್ಲಿ ಎರಡು ಸೆಕೆಂಡ್. 3.4ರಲ್ಲಿ ಎಷ್ಟು ಕಾದರೂ ಇಲ್ಲ. ಸ್ಟಾಪ್‌ವಾಚ್ ಹೆಚ್ಚುಕಡಿಮೆ ಇದನ್ನೇ ಹೇಳಿತು. ಲಾಪಿಕ್ ಕಪ್ಪೆಯ ನರದಲ್ಲಿ ಕಂಡ 'ತೀರಾ ಸಣ್ಣ ಕರೆಂಟ್‌ಗೆ ಎಂದೂ ಇಲ್ಲ' ಅನ್ನುವ ಗೆರೆ ಇದೇ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಪಾಟ್ ಜಾಸ್ತಿ ಮಾಡಿದರೆ ಎಲ್‌ಇಡಿ ಜೋರಾಗಿ ಬೆಳಗುವುದಿಲ್ಲ. ಪ್ರತಿ ಮಿನುಗೂ ಒಂದೇ ಥರ. ಮಿನುಗು ಪದೇ ಪದೇ ಬರುತ್ತದೆ, ಅಷ್ಟೇ. 1920ರ ದಶಕದಲ್ಲಿ ಇಂಗ್ಲೆಂಡಿನ ಎಡ್ಗರ್ ಆಡ್ರಿಯನ್ ಒಂದೊಂದೇ ನರತಂತುವಿನ ಸಿಗ್ನಲ್ ಹಿಡಿದು ತೋರಿಸಿದ್ದು ಇದನ್ನೇ: ಒತ್ತಡ ಹೆಚ್ಚಾದರೆ ಸ್ಪೈಕ್ ದೊಡ್ಡದಾಗುವುದಿಲ್ಲ, ಅದರ ದರ ಏರುತ್ತದೆ. 1932ರ ನೊಬೆಲ್ ಅವರಿಗೂ ಷೆರಿಂಗ್ಟನ್ ಅವರಿಗೂ ಹಂಚಿಕೆಯಾಯಿತು.

ಮುಟ್ಟಿದರೆ ಸುಮ್ಮನಾಗುವ ನರಕೋಶ

ಪೊರೆಯ ವೋಲ್ಟೇಜ್ ಏರುವ ಬಾಗನ್ನು ಕಣ್ಣಾರೆ ನೋಡಬೇಕು ಅಂತ ಅವಳಿಗೆ ಆಸೆ. ನನ್ನ ಹತ್ತಿರ ಒಂದು ಪುಟ್ಟ ಆಸಿಲೋಸ್ಕೋಪ್ ಕಿಟ್ ಇದೆ. ಪಾಟ್ 3.6ರಲ್ಲಿತ್ತು, ಟಕ್... ಟಕ್... ಅಂತ ನಡೆದಿತ್ತು. ಸ್ಕೋಪ್‌ನ ಕ್ಲಿಪ್ ಪೊರೆಗೆ ಸಿಕ್ಕಿಸಿದಳು. ಟಕ್ ನಿಂತಿತು. ಪರದೆ ಮೇಲೆ ಗೆರೆ ಹೊಸ್ತಿಲ ಕೆಳಗೇ ಮಟ್ಟಸವಾಗಿ ಮಲಗಿತ್ತು. ಕ್ಲಿಪ್ ತೆಗೆದಳು, ಮತ್ತೆ ಟಕ್.

"ಮಾಮ, ಇದು ನೋಡಿದ್ರೆ ನಾಚಿಕೊಳ್ತದೆ!"

ಆ ಸ್ಕೋಪ್‌ನ ಇನ್‌ಪುಟ್ 1 ಮೆಗಾಓಮ್. ಅದನ್ನು 220ಕೆಗೆ ಸಮಾಂತರವಾಗಿ ಹಾಕಿದರೆ ಒಟ್ಟು 180ಕೆ ಆಗುತ್ತದೆ. ಫೈರ್ ಆಗಲು ಬೇಕಾದ ಇನ್‌ಪುಟ್ 3.5ರಿಂದ 3.7ಕ್ಕೆ ಏರುತ್ತದೆ. ನಾವು 3.6ರಲ್ಲಿ ಕೂತಿದ್ದೆವು. ನೋಡುವ ಸಾಧನವೇ ಇನ್ನೊಂದು ತೂತು ಕೊರೆದ ಹಾಗಾಯಿತು.

ಇದು ಬ್ರೆಡ್‌ಬೋರ್ಡಿನ ತೊಂದರೆ ಮಾತ್ರ ಅಲ್ಲ. ಜೀವಂತ ಕೋಶಕ್ಕೆ ಗಾಜಿನ ಚೂಪು ಎಲೆಕ್ಟ್ರೋಡ್ ಚುಚ್ಚಿದಾಗಲೂ ಅದರ ಸುತ್ತ ಪೊರೆ ಸೋರುತ್ತದೆ. ಸಣ್ಣ ಕೋಶಗಳಲ್ಲಿ ಆ ಸೋರಿಕೆಯೇ ಅಳತೆಯನ್ನು ಕೆಡಿಸುತ್ತಿತ್ತು. 1976ರಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ ಬೇರೆ ದಾರಿ ತೋರಿಸಿದರು. ಚುಚ್ಚುವ ಬದಲು ನುಣುಪು ಬಾಯಿಯ ಗಾಜಿನ ನಳಿಕೆಯನ್ನು ಪೊರೆಗೆ ಒತ್ತಿ ಹಿಡಿಯುವುದು. ಮುಂದಿನ ವರ್ಷಗಳಲ್ಲಿ ಸ್ವಲ್ಪ ಹೀರಿ ಹಿಡಿದು ಅಂಚಿನ ಸೋರಿಕೆಯನ್ನು ಗಿಗಾಓಮ್ ಮಟ್ಟಕ್ಕೆ ತಂದರು. ಪ್ಯಾಚ್ ಕ್ಲ್ಯಾಂಪ್ ಅನ್ನುವುದು ಇದಕ್ಕೇ. 1991ರಲ್ಲಿ ನೊಬೆಲ್ ಬಂತು.

ನಮಗೆ ಗಿಗಾಓಮ್ ಬೇಡ. ಪೊರೆಯನ್ನು ನ್ಯಾನೋದ ಅನಲಾಗ್ ಪಿನ್‌ಗೆ ಕೊಟ್ಟು ಸೀರಿಯಲ್ ಪ್ಲಾಟರ್‌ನಲ್ಲಿ (ಕಂಪ್ಯೂಟರ್ ಪರದೆ ಮೇಲೆ ಗೆರೆ ಎಳೆದು ತೋರಿಸುವ ಕಿಟಕಿ) ನೋಡಿದೆವು. ಆ ಪಿನ್ ಎಳೆಯುವ ಕರೆಂಟ್ ನಮ್ಮ ಮೈಕ್ರೋಆಂಪ್‌ಗಳ ಮುಂದೆ ಲೆಕ್ಕಕ್ಕಿಲ್ಲ. ಒಂದು ಎಚ್ಚರಿಕೆ: ನ್ಯಾನೋಗೆ ಪವರ್ ಇಲ್ಲದಿರುವಾಗ ಆ ಪಿನ್ ಪೊರೆಯನ್ನು ಕೆಳಕ್ಕೆ ಎಳೆಯುತ್ತದೆ. ಎರಡಕ್ಕೂ ಒಂದೇ ಪವರ್ ಇರಲಿ. 10 ಪಟ್ಟಿನ ಪ್ರೋಬ್ ಇದ್ದವರಿಗೆ ಸ್ಕೋಪ್‌ನಲ್ಲೇ ಕೆಲಸ ಆಗುತ್ತದೆ.

ಸೋರಿಕೆ ತೆಗೆದು ನೋಡಿದ್ದು

ಈಗ ಅವಳ ಪ್ರಶ್ನೆಗೆ ಬರೋಣ. ಎಲೆಕ್ಟ್ರೊಲಿಟಿಕ್ ತೆಗೆದು 1 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್ ಹಾಕಿದೆವು, ಅದರ ಸ್ವಂತ ಸೋರಿಕೆ ಇಲ್ಲವೆನ್ನುವಷ್ಟು ಕಮ್ಮಿ. ಸ್ಪೈಕ್ ಈಗ ಒಂದು ಮಿಲಿಸೆಕೆಂಡ್ ಅಷ್ಟೇ, ಎಲ್‌ಇಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ, ಪೀಜೋ ಕೇಳಿಸಿಕೊಂಡರೆ ಸಾಕು. 220ಕೆ ಕಿತ್ತೆವು. ಪಾಟ್‌ನ ತಂತಿ, ನ್ಯಾನೋದ ತಂತಿ ಎರಡನ್ನೂ ಬಿಚ್ಚಿದೆವು. ಪೊರೆಗೆ ಯಾವ ಇನ್‌ಪುಟ್ಟೂ ಇಲ್ಲ. ಸುಮ್ಮನಿರಬೇಕು ಅಲ್ವಾ?

ಚಹಾ ಕುಡಿಯುತ್ತಾ ಕೂತಿದ್ದಾಗ ಟಕ್ ಅಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಟಕ್.

ಇದು ಎಲ್‌ಎಂ393ರ ಕೈವಾಡ. ಅದರ ಇನ್‌ಪುಟ್‌ನಲ್ಲಿ ಪಿಎನ್‌ಪಿ ಟ್ರಾನ್ಸಿಸ್ಟರ್ ಇರುವುದರಿಂದ ಬಯಾಸ್ ಕರೆಂಟ್ (ಇನ್‌ಪುಟ್ ಕೆಲಸ ಮಾಡಲು ಬೇಕಾದ ಕಿರು ಕರೆಂಟ್) ಒಳಗೆ ಹೋಗುವುದಿಲ್ಲ, ಹೊರಗೆ ಬರುತ್ತದೆ. ಡೇಟಾಶೀಟ್ ಪ್ರಕಾರ ಸಾಮಾನ್ಯವಾಗಿ 25 ನ್ಯಾನೋಆಂಪ್. 1 ಮೈಕ್ರೋಫ್ಯಾರಡ್‌ಗೆ ಅದು ಸೆಕೆಂಡ್‌ಗೆ 25 ಮಿಲಿವೋಲ್ಟ್ ತುಂಬುತ್ತದೆ. 1.2ರಿಂದ 2.4ಕ್ಕೆ ಏರಲು ಸುಮಾರು 50 ಸೆಕೆಂಡ್. ಡಯೋಡ್‌ನ ಹಿಮ್ಮುಖ ಸೋರಿಕೆಯೂ ಅದಕ್ಕೆ ಒಂದಿಷ್ಟು ಕೈ ಜೋಡಿಸುತ್ತದೆ. ಮಲ್ಟಿಮೀಟರ್ ಹಚ್ಚಿ ಪರೀಕ್ಷೆ ಮಾಡಲು ಹೋದರೆ ಅದರ 10 ಮೆಗಾಓಮ್ ಇಷ್ಟನ್ನೂ ಕುಡಿದುಬಿಡುತ್ತದೆ, ಟಕ್ ಬರುವುದೇ ಇಲ್ಲ. 220ಕೆ ಇದ್ದಾಗ ಈ 25 ನ್ಯಾನೋಆಂಪ್ ಪೊರೆಯನ್ನು ಐದಾರು ಮಿಲಿವೋಲ್ಟ್ ಎತ್ತುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೋರಿಕೆ ಇಲ್ಲದ ನರಕೋಶಕ್ಕೆ ಕಸ ಯಾವುದು, ಸಿಗ್ನಲ್ ಯಾವುದು ಅಂತ ಭೇದವೇ ಇಲ್ಲ. ಬಂದದ್ದೆಲ್ಲ ಕೂಡಿಸುತ್ತದೆ, ಎಂದಾದರೊಂದು ದಿನ ಫೈರ್ ಆಗುತ್ತದೆ.

ಇದಕ್ಕಿಂತ ಚೆನ್ನಾಗಿ ವಿಷಯ ಬಿಡಿಸಿ ಹೇಳಿದ್ದು ಎರಡು ಬಟನ್‌ಗಳ ಆಟ. ನ್ಯಾನೋದ ಎರಡು ಪಿನ್‌ಗಳಿಂದ ಪೊರೆಗೆ ಎರಡು ದಾರಿ, ಪ್ರತಿ ದಾರಿಯಲ್ಲೂ ಒಂದು 1ಎನ್4148 ಮತ್ತು 10ಕೆ. ಬಟನ್ ಒತ್ತಿದರೆ ಆ ಪಿನ್ 5 ಮಿಲಿಸೆಕೆಂಡ್ ಮಾತ್ರ ಮೇಲೇರುತ್ತದೆ, ಬೆರಳು ಎಷ್ಟು ಹೊತ್ತು ಒತ್ತಿತು ಅನ್ನುವುದು ಮುಖ್ಯವಲ್ಲ. ಬಟನ್ ಪುಟಿತ (ಒಂದೇ ಒತ್ತಿಗೆ ಹಲವು ಸಲ ತಾಗುವುದು) ತಡೆಯಲು ಕೋಡ್‌ನಲ್ಲಿ ಸ್ವಲ್ಪ ಕಾಯಿಸಿ. ಇವೇ ನಮ್ಮ ಎರಡು ಸಿನಾಪ್ಸ್, ಅಂದರೆ ಒಂದು ನರಕೋಶದಿಂದ ಇನ್ನೊಂದಕ್ಕೆ ಸಿಗ್ನಲ್ ದಾಟುವ ಜಾಗ.

ಒಂದು ಬಟನ್ ಒತ್ತಿದರೆ ಪೊರೆ ಸುಮಾರು 1.7 ವೋಲ್ಟ್‌ಗೆ ಏರುತ್ತದೆ, ಹೊಸ್ತಿಲು ತಲುಪುವುದಿಲ್ಲ. 220ಕೆ ವಾಪಸ್ ಹಾಕಿದ್ದೇವೆ, ಟೌ 220 ಮಿಲಿಸೆಕೆಂಡ್. ಹಾಗಾಗಿ ಆ 1.7 ಇಳಿಯುತ್ತಾ ಬರುತ್ತದೆ. ಎರಡನೇ ಬಟನ್ ಬಂದಾಗ ಪೊರೆಯಲ್ಲಿ ಇನ್ನೂ 1.1 ಉಳಿದಿದ್ದರೆ ಫೈರ್, ಇಲ್ಲದಿದ್ದರೆ ಇಲ್ಲ. 1.7ರಿಂದ 1.1ಕ್ಕೆ ಇಳಿಯಲು ಸುಮಾರು 100 ಮಿಲಿಸೆಕೆಂಡ್. ಅಂದರೆ ಎರಡು ಬೆರಳು ಒಟ್ಟಿಗೇ ಬಿದ್ದರೆ ಟಕ್. ಒಂದರ ಹಿಂದೆ ಒಂದು 'ಡಬ್, ಡಬ್' ಅಂತ ನಿಧಾನ ಬಿದ್ದರೆ ಮೌನ.

ಅವಳು ಒಂದು ಬಟನ್, ನಾನು ಒಂದು. ಎಣಿಸಿಕೊಂಡು ಒತ್ತಿದರೂ ಎಷ್ಟೋ ಸಲ ತಪ್ಪಿತು, ಹತ್ತನೇ ಒಂದು ಸೆಕೆಂಡ್ ಒಳಗೆ ಇಬ್ಬರು ಒಟ್ಟಿಗೆ ಒತ್ತುವುದು ಅಂದುಕೊಂಡಷ್ಟು ಸುಲಭವಲ್ಲ. ಆಮೇಲೆ 220ಕೆ ಕಿತ್ತು ಕೊಟ್ಟೆ. ಒಂದು ಒತ್ತಿದಳು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಇನ್ನೊಂದು ಒತ್ತಿದಳು. ಟಕ್.

"ಓ. ಇದಕ್ಕೆ ಟೈಮೇ ಗೊತ್ತಿಲ್ಲ."

ಅಷ್ಟೇ ವಿಷಯ. ತೂತಿಲ್ಲದ ಬಕೆಟ್ ತುಂಬಿದೆ ಅಂದರೆ ಇಷ್ಟು ನೀರು ಬಂದಿದೆ ಅಂತ ಗೊತ್ತಾಗುತ್ತದೆ, ಯಾವಾಗ ಬಂತು ಅಂತ ಗೊತ್ತಾಗುವುದಿಲ್ಲ. ತೂತಿರುವ ಬಕೆಟ್ ತುಂಬಿದರೆ ನಳ್ಳಿ ಈಗಷ್ಟೇ ಜೋರಾಗಿ ಬಂದಿದೆ ಅಂತ ಅರ್ಥ. ಸೋರಿಕೆ ಇಲ್ಲದಿದ್ದರೆ ನರಕೋಶ ಒಂದು ಎಣಿಕೆ ಯಂತ್ರ. ಸೋರಿಕೆ ಇದ್ದರೆ 'ಇವೆರಡೂ ಒಟ್ಟಿಗೆ ಬಂದವೇ?' ಅಂತ ಕೇಳುವ ಯಂತ್ರ. ತೂತು ದೊಡ್ಡದಾದಷ್ಟೂ ಪ್ರಶ್ನೆ ಚೂಪಾಗುತ್ತದೆ. 220ಕೆ ಬದಲು 100ಕೆ ಹಾಕಿದರೆ ನಮ್ಮ ಕಿಟಕಿ 45 ಮಿಲಿಸೆಕೆಂಡ್‌ಗೆ ಕಿರಿದಾಯಿತು. ಇಬ್ಬರು ಕೂತು ಆಡಲು ಅದು ಸಾಧ್ಯವೇ ಇಲ್ಲ, ಒಬ್ಬರೇ ಎರಡು ಬೆರಳಲ್ಲಿ ಒತ್ತಬೇಕು.

ಗೂಬೆಯ ತಲೆಯೊಳಗೆ ಇದೇ ಲೆಕ್ಕ ತೀರಾ ಚೂಪಾಗಿ ನಡೆಯುತ್ತದೆ. ಕತ್ತಲಲ್ಲಿ ಇಲಿ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ತಿಳಿಯಲು ಅದು ಎರಡು ಕಿವಿಗೆ ಸದ್ದು ತಲುಪುವ ಸಮಯದ ವ್ಯತ್ಯಾಸ ಬಳಸುತ್ತದೆ. ಮನುಷ್ಯರ ತಲೆಯ ಅಗಲಕ್ಕೇ ಆ ವ್ಯತ್ಯಾಸ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ಹತ್ತಿರ, ಗೂಬೆಯ ಪುಟ್ಟ ತಲೆಗೆ ಇನ್ನೂ ಕಡಿಮೆ. ಎರಡು ಕಿವಿಯಿಂದ ಬರುವ ತಂತುಗಳು ಒಂದೊಂದು ನರಕೋಶದಲ್ಲಿ ಕೂಡುತ್ತವೆ, ಎರಡೂ ಒಟ್ಟಿಗೆ ಬಂದರೆ ಅದು ಫೈರ್ ಆಗುತ್ತದೆ ಎಂಬ ಕಲ್ಪನೆ 1948ರಲ್ಲಿ ಲಾಯ್ಡ್ ಜೆಫ್ರೆಸ್ ಅವರದ್ದು. ಕಣಜ ಗೂಬೆಗಳಲ್ಲಿ ಹೆಚ್ಚುಕಡಿಮೆ ಅಂಥದ್ದೇ ಏರ್ಪಾಡು ಮುಂದೆ ಕಂಡುಬಂತು. ಅಂಥ ಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಚಾನೆಲ್‌ಗಳು ಸದಾ ಅರೆಬಾಯಿ ತೆರೆದಿರುತ್ತವೆ. ಬೇಕಂತಲೇ ಜಾಸ್ತಿ ಸೋರುವ ಪೊರೆ.

ಕೈ ಕೆರೆದು ಮಾಡಿದ ಒಂದು ಬದಲಾವಣೆ

ಸ್ಪೈಕ್ ಉದ್ದ ಮಾಡಿದರೆ ಎಲ್‌ಇಡಿ ಚೆನ್ನಾಗಿ ಕಾಣಬಹುದು ಅಂತ ಡಿಸ್ಚಾರ್ಜ್ ದಾರಿಯ 1ಕೆ ಬದಲು 22ಕೆ ಹಾಕಿ ನೋಡಿದೆವು. ಪಾಟ್ ಮತ್ತೆ ಜೋಡಿಸಿದ್ದೇವೆ. 4 ವೋಲ್ಟ್ ತನಕ ಚೆಂದ ಮಿನುಗಿತು. 4.3 ದಾಟಿಸಿದ ಮೇಲೆ ಎಲ್‌ಇಡಿ ಹತ್ತಿಕೊಂಡೇ ನಿಂತಿತು, ಟಕ್ ಇಲ್ಲ. ಒಳಗೆ ಬರುವ ಕರೆಂಟ್ ಜಾಸ್ತಿ, ಹೊರ ಹೋಗುವ ದಾರಿ ಕಿರಿದು. ಪೊರೆ 1.2ಕ್ಕೆ ಇಳಿಯಲಾಗದೆ ನಡುವೆ ಸಿಕ್ಕಿಬಿತ್ತು. ನಿಜವಾದ ನರಕೋಶಕ್ಕೂ ಅತಿಯಾಗಿ ಕರೆಂಟ್ ತುಂಬಿದರೆ ಹೀಗೇ ಸ್ಪೈಕ್ ನಿಂತುಹೋಗುತ್ತದೆ. ಪೊರೆ ಕೆಳಗಿಳಿಯದೆ ಸೋಡಿಯಂ ಚಾನೆಲ್‌ಗಳು ಮತ್ತೆ ತಯಾರಾಗುವುದೇ ಇಲ್ಲ. ನೋಡಲು ಒಂದೇ ಥರ, ಒಳಗಿನ ಕಾರಣ ಬೇರೆ. ಇಂಥ ಹೋಲಿಕೆಗಳಲ್ಲಿ ಮೈಮರೆಯಬಾರದು. ನಮ್ಮ ಸರ್ಕ್ಯೂಟ್‌ನಲ್ಲಿ ಸ್ಪೈಕ್ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲ, ಕಂಪ್ಯಾರೇಟರ್ ಅದನ್ನು ಸುಮ್ನೆ ಮಾಡಿಬಿಡುತ್ತದೆ.

ಆ ಉತ್ತರ ಬೇಕಾದವರು 1952ರ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸಮೀಕರಣಗಳಿಗೆ ಹೋಗಬೇಕು. ಸ್ಕ್ವಿಡ್‌ನ ದಪ್ಪ ನರತಂತುವಿನ ಮೇಲೆ ಮಾಡಿದ ಕೆಲಸ. ದೈತ್ಯ ಸ್ಕ್ವಿಡ್ ಅಲ್ಲ, ನಮ್ಮ ಕರಾವಳಿಯಲ್ಲಿ ಬೊಂಡಾಸ್ ಅಂತಾರಲ್ಲ, ಆ ಗಾತ್ರದ್ದೇ. ದಪ್ಪಗಿರುವುದು ತಂತು. ನಾಲ್ಕು ಬದಲಾಗುವ ಸಂಖ್ಯೆಗಳು, ಸೋಡಿಯಂ, ಪೊಟ್ಯಾಸಿಯಂ, ಮತ್ತೆ ಅಲ್ಲೂ ಒಂದು ಸೋರಿಕೆ. ಆಗ ಕೇಂಬ್ರಿಜ್‌ನ ಕಂಪ್ಯೂಟರ್ ಬಳಕೆಗೆ ಸಿಗದ ಕಾರಣ ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಬ್ರನ್ಸ್‌ವಿಗಾ ಯಂತ್ರದಲ್ಲಿ ಲೆಕ್ಕ ಮಾಡಿದರು. ಬ್ರೆಡ್‌ಬೋರ್ಡ್ ಮೇಲೆ ಅದನ್ನು ಕಟ್ಟುವ ಧೈರ್ಯ ನನಗಿಲ್ಲ.

ನಡುದಾರಿ ಒಂದಿದೆ. 2003ರಲ್ಲಿ ಯುಜೀನ್ ಇಝಿಕೆವಿಚ್ ಕೊಟ್ಟ ಎರಡು ಸಾಲಿನ ಮಾಡೆಲ್. ಪೊರೆಯ ವೋಲ್ಟೇಜ್ ವಿ, ನಿಧಾನವಾಗಿ ಬದಲಾಗುವ ಇನ್ನೊಂದು ಯು. ಎ, ಬಿ, ಸಿ, ಡಿ ನಾವು ಆರಿಸಿ ಕೊಡುವ ಸಂಖ್ಯೆಗಳು.

ವಿ ಬದಲಾಗುವ ದರ = 0.04 ವಿ² + 5 ವಿ + 140 − ಯು + ಇನ್‌ಪುಟ್
ಯು ಬದಲಾಗುವ ದರ = ಎ × (ಬಿ × ವಿ − ಯು)
ವಿ 30 ಮುಟ್ಟಿದರೆ: ವಿ = ಸಿ, ಯು = ಯು + ಡಿ

ಇದು ನ್ಯಾನೋದೊಳಗೆ ಸಲೀಸಾಗಿ ಓಡುತ್ತದೆ. ವಿ ಲೆಕ್ಕವನ್ನು ಒಂದು ಮಿಲಿಸೆಕೆಂಡ್‌ಗೆ ಒಂದೇ ಹೆಜ್ಜೆ ಹಾಕಬೇಡಿ, ಅರ್ಧರ್ಧದ ಎರಡು ಹೆಜ್ಜೆ ಹಾಕಿ. ಇಲ್ಲದಿದ್ದರೆ ಲೆಕ್ಕ ಹಳಿ ತಪ್ಪಬಹುದು. ಕಿವಿಗೆ ಬಿಡಿಬಿಡಿಯಾಗಿ ಕೇಳಲಿ ಅಂತ ಇಡೀ ಲೆಕ್ಕವನ್ನು ಹತ್ತು ಪಟ್ಟು ನಿಧಾನ ಓಡಿಸಿದೆ. ಎ 0.02, ಬಿ 0.2, ಸಿ ಮೈನಸ್ 65, ಡಿ 8 ಕೊಟ್ಟರೆ ಮೊದಲು ಸರಸರ ಟಕ್‌ಗಳು, ಆಮೇಲೆ ಅಂತರ ಹೆಚ್ಚಾಗುತ್ತಾ ಒಂದು ಲಯಕ್ಕೆ ಬರುತ್ತದೆ. ಒಂದೇ ಸದ್ದಿಗೆ ಒಗ್ಗಿಕೊಳ್ಳುವ ನರಕೋಶ ಇದು, ನಮ್ಮ ಕೆಪಾಸಿಟರ್‌ಗೆ ಈ ಬುದ್ಧಿ ಇರಲಿಲ್ಲ. ಸಿಯನ್ನು ಮೈನಸ್ 50, ಡಿಯನ್ನು 2 ಮಾಡಿದರೆ ಟರ್ರ್... ಟರ್ರ್... ಅಂತ ಗುಂಪು ಗುಂಪಾಗಿ ಹೊಡೆಯುತ್ತದೆ. ಎರಡು ಸಂಖ್ಯೆ ಬದಲಿಸಿದರೆ ಸ್ವಭಾವವೇ ಬೇರೆ. ಅಕ್ಕನ ಮಗಳಿಗೆ ಇದೇ ಹೆಚ್ಚು ಇಷ್ಟವಾಯಿತು. ನನಗೆ ಮುಟ್ಟಿದರೆ ನಿಲ್ಲುವ ಆ ಕೆಪಾಸಿಟರ್ರೇ ಇಷ್ಟ.

ಎರಡನೇ ನರಕೋಶ

ಐಸಿಯ ಇನ್ನೊಂದು ಅರ್ಧ ಖಾಲಿ ಬಿದ್ದಿತ್ತು. ಅದರಲ್ಲೂ ಇದೇ ಸರ್ಕ್ಯೂಟ್ ಕಟ್ಟಿದೆವು, ಎರಡೂ ಕಡೆ ಹೊಸ 10 ಮೈಕ್ರೋಫ್ಯಾರಡ್, 220ಕೆ, 1ಕೆ. ಒಂದಕ್ಕೆ ಕೆಂಪು ಎಲ್‌ಇಡಿ, ಒಂದಕ್ಕೆ ಹಸಿರು. ಪ್ರತಿಯೊಂದಕ್ಕೂ ಬೇರೆ ಪಾಟ್.

ಈ ಜೋಡಣೆಯಲ್ಲಿ ಒಂದು ಇನ್ನೊಂದನ್ನು ಅದುಮುವಂತೆ ಮಾಡುವುದು ತುಂಬಾ ಸುಲಭ. ಫೈರ್ ಆದಾಗ ಔಟ್‌ಪುಟ್ ಕೆಳಗಿಳಿಯುತ್ತದೆ ತಾನೆ? ಕೆಂಪಿನ ಪೊರೆಯಿಂದ ಹಸಿರಿನ ಔಟ್‌ಪುಟ್‌ಗೆ ಒಂದು ಡಯೋಡ್ ಮತ್ತು 1.2ಕೆ, ಹಸಿರಿನ ಪೊರೆಯಿಂದ ಕೆಂಪಿನ ಔಟ್‌ಪುಟ್‌ಗೆ ಇನ್ನೊಂದು ಜೋಡಿ. ಒಂದು ಸ್ಪೈಕ್ ಹೊಡೆದರೆ ಇನ್ನೊಂದರ ಪೊರೆಯೂ ಸುಮಾರು 1.3 ವೋಲ್ಟ್‌ಗೆ ಬೀಳುತ್ತದೆ. ಇಲ್ಲಿ ಪೀಜೋ ತೆಗೆದುಬಿಡಿ, ಎಲ್‌ಇಡಿಯೇ ಸಾಕು. ಐಸಿಯ ಔಟ್‌ಪುಟ್ ಮೇಲೆ ಹೊರೆ ಜಾಸ್ತಿ ಮಾಡುವುದು ಬೇಡ, ಡೇಟಾಶೀಟ್ ಖಾತ್ರಿ ಕೊಡುವುದು 6 ಮಿಲಿಆಂಪ್ ತನಕ ಮಾತ್ರ.

ಕೆಂಪಿನ ಪಾಟ್ 5 ವೋಲ್ಟ್, ಹಸಿರಿನದ್ದು 4.4. ಒಂಟಿಯಾಗಿದ್ದಾಗ ಹಸಿರು ಚೆನ್ನಾಗಿಯೇ ಮಿನುಗುತ್ತಿತ್ತು. ಜೋಡಿಸಿದ ಮೇಲೆ ಒಂದು ಸಲವೂ ಇಲ್ಲ. ಅದು ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಕೆಂಪು ಹೊಡೆದು ಕೆಳಗೆ ತಳ್ಳುತ್ತದೆ. ಸ್ವಲ್ಪ ಮುಂದಿದ್ದವನಿಗೆ ಪೂರ್ತಿ ಆಟ. ಪಾಟ್‌ಗಳನ್ನು ಸಮಕ್ಕೆ ತಂದಾಗ ಮಾತ್ರ ಕೆಂಪು, ಹಸಿರು, ಕೆಂಪು, ಹಸಿರು. ಹೊಡೆದವನು 1.2ಕ್ಕೆ ಇಳಿಯುತ್ತಾನೆ, ಹೊಡೆಸಿಕೊಂಡವನು 1.3ರಲ್ಲಿ ನಿಲ್ಲುತ್ತಾನೆ. ಮುಂದಿನ ಓಟದಲ್ಲಿ ಆ 0.1 ವೋಲ್ಟ್‌ನ ಮುನ್ನಡೆ ಅವನದ್ದು. ಈ ಸರದಿ ಆಟದ ಕಿಟಕಿ ಬಹಳ ಕಿರಿದು, ಪಾಟ್ ಮೇಲೆ ಕೈ ಹಗುರಾಗಿರಬೇಕು. ಎರಡು ಕೆಪಾಸಿಟರ್ ಒಂದೇ ಪೊಟ್ಟಣದವಾಗಿದ್ದರೆ ಕೆಲಸ ಸುಲಭ, ಎಲೆಕ್ಟ್ರೊಲಿಟಿಕ್‌ಗಳಲ್ಲಿ ನೂರಕ್ಕೆ ಇಪ್ಪತ್ತು ಹೆಚ್ಚುಕಮ್ಮಿ ಇರುವುದು ಮಾಮೂಲು.

ಮೂರನೇ ನರಕೋಶಕ್ಕೆ ಇನ್ನೊಂದು 393 ಬೇಕು, ಅದು ಹೇಗೂ ಇದೆ. ಒಂದನ್ನೊಂದು ಅದುಮುವ ಬದಲು ಎಬ್ಬಿಸಬೇಕಾದರೆ ಔಟ್‌ಪುಟ್ ತಲೆಕೆಳಗು ಮಾಡಬೇಕು, ಅದಕ್ಕೆ ಬಿಸಿ557 ಟ್ರಾನ್ಸಿಸ್ಟರ್ ಬೇಕು. ಮುಂದಿನ ಸಲ ಗ್ರಾಂಟ್ ರೋಡ್ ಕಡೆ ಹೋದಾಗ ತರಬೇಕು. ಈ ಸಲ ಹತ್ತು ಪೀಸ್ ತಗೊಂಡರೆ ಅಂಗಡಿಯವನಿಗೂ ಸಮಾಧಾನ.